ಬೂಟಿನೊಳಗೆ ಬಿದ್ದ ಬಿಲ್ಲೆ

ಅಕುರೇರಿ ಬಿಟ್ಟ ಮೇಲೆ ರಸ್ತೆ ಉತ್ತರಕ್ಕೆ ಸಾಗುತ್ತದೆ. ಬಲಗಡೆ ಕಡಲಿನ ಉದ್ದನೆಯ ತೋಳು, ಎಡಗಡೆ ಜೂನ್ ತಿಂಗಳ ಕೊನೆಯಲ್ಲೂ ನೆತ್ತಿಯ ಮೇಲೆ ಹಿಮ ಹೊತ್ತ ಗುಡ್ಡಗಳು. ದಾಲ್ವಿಕ್ ದಾಟಿದ ಮೇಲೆ ಸಿಗುವ ಸುರಂಗದಲ್ಲಿ ಒಂದೇ ವಾಹನಕ್ಕೆ ದಾರಿ. ಎದುರಿನಿಂದ ಬೆಳಕು ಕಂಡರೆ ಗೋಡೆ ಕೊರೆದು ಮಾಡಿದ ಪಕ್ಕದ ಜಾಗಕ್ಕೆ ಗಾಡಿ ಸರಿಸಿ ಕಾಯಬೇಕು. ಆಮೇಲೆ ಇನ್ನೆರಡು ಸುರಂಗಗಳು, ಅವುಗಳ ನಡುವೆ ಯಾರೂ ವಾಸಿಸದ ಒಂದು ಕೊಲ್ಲಿ. ಈ ಎರಡು ತೆರೆದದ್ದು 2010ರಲ್ಲಿ. 1967ರಲ್ಲಿ ಇನ್ನೊಂದು ಬದಿಯಿಂದ ಮೊದಲ ಸುರಂಗ ಕೊರೆಯುವ ತನಕ ಚಳಿಗಾಲದಲ್ಲಿ ಈ ಊರಿಗೆ ಸಮುದ್ರದ ದಾರಿಯೇ ಗತಿ.

ಊರಿನ ಹೆಸರು ಸಿಗ್ಲುಫ್ಯೋರ್ದುರ್. ಐಸ್‌ಲ್ಯಾಂಡಿನ ಉತ್ತರದ ತುದಿಯಲ್ಲಿ, ಗುಡ್ಡಗಳ ಮಡಿಲಲ್ಲಿರುವ ಒಂದು ಬಂದರು. ಈಗ ಇಲ್ಲಿರುವವರು ಸಾವಿರದ ಇನ್ನೂರರಷ್ಟು ಜನ. ಕಳೆದ ಶತಮಾನದ ನಡುವಿನಲ್ಲಿ ಮೂರು ಸಾವಿರ ದಾಟಿತ್ತು, ಬೇಸಿಗೆಯಲ್ಲಿ ಹೊರಗಿನಿಂದ ಬಂದವರನ್ನು ಸೇರಿಸಿದರೆ ಇನ್ನೂ ಎಷ್ಟೋ ಹೆಚ್ಚು. ಎಲ್ಲರೂ ಬರುತ್ತಿದ್ದದ್ದು ಹೆರಿಂಗ್ ಮೀನಿಗಾಗಿ.

ರೇಕ್ಯಾವಿಕ್‌ನಲ್ಲಿರುವ ಅಕ್ಕನ ಮಗಳು ಗಾಡಿ ಓಡಿಸುತ್ತಿದ್ದಳು. "ಚಿಕ್ಕಮ್ಮ, ಎಲ್ಲರೂ ಜಲಪಾತ, ಜ್ವಾಲಾಮುಖಿ ನೋಡಲಿಕ್ಕೆ ಬರ್ತಾರೆ. ನೀವು ಮೀನಿನ ದಕ್ಕೆ ನೋಡ್ಬೇಕು ಅಂತೀರಲ್ಲ" ಎಂದಳು. ಮಲ್ಪೆಯ ಪಕ್ಕದಲ್ಲಿ ಹುಟ್ಟಿ ಬೆಳೆದು, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು ಬೇರೇನು ನೋಡಲಿ? ಹೆಣ್ಣು ಗಂಡಿನ ಸಮಾನತೆಯ ಜಾಗತಿಕ ಪಟ್ಟಿಯಲ್ಲಿ ಈ ದೇಶ 2009ರಿಂದ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ತಲಾ ಆದಾಯದಲ್ಲೂ ಇದು ಜಗತ್ತಿನ ಮುಂಚೂಣಿಯಲ್ಲಿದೆ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಒಂದರಿಂದ ಇನ್ನೊಂದು ಬಂತು ಎಂದು ವಿದ್ಯಾರ್ಥಿಗಳಿಗೆ ಹೇಳಿಬಿಡುವುದು ಸುಲಭ. ಯಾವುದು ಮೊದಲು ಬಂತು, ನಡುವೆ ಏನೇನು ನಡೆಯಿತು ಎನ್ನುವುದು ನನ್ನನ್ನು ಬಹಳ ಕಾಲದಿಂದ ಕಾಡಿದ ಪ್ರಶ್ನೆ. ಅದಕ್ಕೆ ಈ ದಕ್ಕೆ.

ಇಲ್ಲಿನ ಹೆರಿಂಗ್ ವಸ್ತುಸಂಗ್ರಹಾಲಯ ಮೂರು ಕಟ್ಟಡಗಳಲ್ಲಿ ಹರಡಿಕೊಂಡಿದೆ. ಒಂದು 1907ರಲ್ಲಿ ನಾರ್ವೆಯವರು ಕಟ್ಟಿದ ಮೀನು ಉಪ್ಪು ಹಾಕುವ ಮನೆ, ಇನ್ನೊಂದು ಮೀನಿನೆಣ್ಣೆ ಮತ್ತು ಮೀನುಪುಡಿಯ ಕಾರ್ಖಾನೆ, ಮೂರನೆಯದು ದೋಣಿಗಳ ಮನೆ. ಬೇಸಿಗೆಯ ಕೆಲವು ದಿನ ಮೊದಲನೆಯದರ ಮುಂದಿನ ಮರದ ಹಲಗೆಯ ದಕ್ಕೆಯಲ್ಲಿ ಹಳೆಯ ಕೆಲಸವನ್ನು ಮಾಡಿ ತೋರಿಸುತ್ತಾರೆ. ನಾವು ಹೋದಾಗ ತಲೆಗೆ ಬಟ್ಟೆ ಕಟ್ಟಿ, ಎಣ್ಣೆಬಟ್ಟೆಯ ಏಪ್ರನ್ ತೊಟ್ಟು, ರಬ್ಬರ್ ಬೂಟು ಹಾಕಿದ ಹೆಂಗಸರು ಉದ್ದನೆಯ ಮರದ ತೊಟ್ಟಿಯ ಮುಂದೆ ಸಾಲಾಗಿ ನಿಂತಿದ್ದರು. ತೊಟ್ಟಿಯ ತುಂಬ ಹೆರಿಂಗ್. ನಮ್ಮ ಭೂತಾಯಿಯದೇ ಕುಲ, ಗಾತ್ರದಲ್ಲಿ ಮಾತ್ರ ದೊಡ್ಡದು. ಬೆಳ್ಳಿಬಣ್ಣದ ಹೊಟ್ಟೆ, ನೀಲಿ ಹಸಿರಿನ ಬೆನ್ನು, ಬೆರಳಿಗೆ ಅಂಟಿಕೊಳ್ಳುವ ಸಡಿಲ ಹುರುಪೆ. ಮೂಗಿಗೆ ಆ ವಾಸನೆ ಬಡಿದಾಗ ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು.

ಕೈ ನೋಡಿದೆ. ಎಡಗೈಯಲ್ಲಿ ಮೀನು, ಬಲಗೈಯಲ್ಲಿ ಗಿಡ್ಡ ಚೂರಿ. ಕಿವಿರಿನ ಹತ್ತಿರ ಒಂದೇ ಗೀರು, ಮಣಿಕಟ್ಟು ತಿರುಗಿಸಿದರೆ ತಲೆಯ ಜೊತೆಗೆ ಕರುಳೂ ಹೊರಗೆ. ಉಪ್ಪಿನಲ್ಲಿ ಹೊರಳಿಸಿ ಪೀಪಾಯಿಯ ತಳದಲ್ಲಿ ಹೊಟ್ಟೆ ಮೇಲಾಗಿ ಸಾಲಾಗಿ ಇಡುವುದು, ಮೇಲೆ ಉಪ್ಪು, ಮೊದಲ ಸಾಲಿಗೆ ಅಡ್ಡಲಾಗಿ ಎರಡನೆಯ ಸಾಲು. ತಳದ ಸಾಲು ಜೋಡಿಸಲು ಸೊಂಟದಿಂದ ಮೇಲಿನ ಮೈಯೆಲ್ಲ ಪೀಪಾಯಿಯೊಳಗೆ ಇಳಿಯಬೇಕು. ಒಂದು ಪೀಪಾಯಿಗೆ ನೂರು ಕಿಲೋದಷ್ಟು, ಅಂದರೆ ಮುನ್ನೂರು ನಾನೂರು ಮೀನು. ತುಂಬಿದೊಡನೆ ಹೆಂಗಸು ಕೂಗು ಹಾಕುತ್ತಾಳೆ. ಗಂಡಸು ಓಡಿ ಬಂದು ತುಂಬಿದ್ದನ್ನು ಉರುಳಿಸಿಕೊಂಡು ಹೋಗಿ, ಖಾಲಿ ಪೀಪಾಯಿ ತಂದಿಟ್ಟು, ಅವಳ ಬೂಟಿನೊಳಗೆ ಒಂದು ಲೋಹದ ಬಿಲ್ಲೆ ಹಾಕುತ್ತಾನೆ. ಕೈಗೆ ಕೊಡುವುದಿಲ್ಲ. ಕೈ ಉಪ್ಪುನೀರಿನಲ್ಲಿ ನೆನೆದು ಮೀನಿನ ಲೋಳೆಯಿಂದ ಜಾರುತ್ತಿರುತ್ತದೆ, ಬಿಲ್ಲೆ ಹಿಡಿಯಲು ಒಂದು ಗಳಿಗೆ ನಿಂತರೂ ಅಷ್ಟು ಮೀನು ಕಡಿಮೆ. ಪಾಳಿ ಮುಗಿದ ಮೇಲೆ ಬೂಟು ಕಳಚಿ ಕವಿಚಿದರೆ ಬಿದ್ದ ಬಿಲ್ಲೆಗಳಷ್ಟೇ ಸಂಬಳ.

ಮಹಡಿಯ ಮೇಲೆ ಅವರು ಮಲಗುತ್ತಿದ್ದ ಕೋಣೆಗಳಿವೆ. ಒಂದರ ಮೇಲೊಂದು ಮರದ ಮಂಚ, ಕಿಟಕಿಯ ಬಳಿ ಒಲೆ, ಹಗ್ಗದ ಮೇಲೆ ಉಣ್ಣೆಯ ಕಾಲುಚೀಲ, ಗೋಡೆಗೆ ಸಿನಿಮಾ ನಟರ ಚಿತ್ರ. ಇದೊಂದೇ ಮನೆಯಲ್ಲಿ ಐವತ್ತರಷ್ಟು ಹೆಂಗಸರು ಇರುತ್ತಿದ್ದರಂತೆ. ದೋಣಿ ಯಾವ ಹೊತ್ತಿಗೆ ಬಂದರೂ ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ಸೂರ್ಯ ಮುಳುಗದ ಬೇಸಿಗೆಯಲ್ಲಿ ಹಗಲು ರಾತ್ರಿ ಎಂಬ ಲೆಕ್ಕವೇ ಇರಲಿಲ್ಲ, ಮೀನು ಮುಗಿಯುವ ತನಕ ಕೆಲಸ. ಉಪ್ಪು ಕೊರೆದು ಒಡೆದ ಬೆರಳುಗಳಿಗೆ ಬಟ್ಟೆ ಚೂರು ಸುತ್ತಿಕೊಳ್ಳುತ್ತಿದ್ದರು.

ಹೀಗಿದ್ದೂ ಹಳ್ಳಿಹಳ್ಳಿಗಳಿಂದ ಹುಡುಗಿಯರು ಇಲ್ಲಿಗೆ ಬರಲು ಹಾತೊರೆಯುತ್ತಿದ್ದರು. ಕಾರಣ ತಿಳಿಯಬೇಕಾದರೆ ಅವರು ಬಿಟ್ಟು ಬಂದ ಬದುಕನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೂ ಐಸ್‌ಲ್ಯಾಂಡಿನಲ್ಲಿ ಸ್ವಂತ ಜಮೀನಿಲ್ಲದವರು ಯಾವುದಾದರೊಂದು ಒಕ್ಕಲು ಮನೆಯಲ್ಲಿ ವರ್ಷದ ಆಳಾಗಿ ಇರಲೇಬೇಕು ಎಂಬ ಕಾನೂನಿತ್ತು. ಹೆಣ್ಣಾಳಿಗೆ ಸಿಗುತ್ತಿದ್ದದ್ದು ಊಟ, ವಸತಿ, ಬಟ್ಟೆ, ಗಂಡಾಳಿಗಿಂತ ಬಹಳ ಕಡಿಮೆ ಕೂಲಿ. ಹುಲ್ಲುಮಣ್ಣಿನ ಹೆಂಟೆ ಹೊದಿಸಿದ ಮನೆಗಳ ಆ ಬಡ ದೇಶದಲ್ಲಿ, ಹದಿನೇಳು ಹದಿನೆಂಟರ ಹುಡುಗಿಯ ಬೂಟಿನಲ್ಲಿ ಅವಳದೇ ಹೆಸರಿನ ಹಣ ಬಿದ್ದದ್ದು ಸಣ್ಣ ಸಂಗತಿಯಲ್ಲ. ಆ ಬಿಲ್ಲೆಯನ್ನು ಅಪ್ಪನ ಹತ್ತಿರ ಕೇಳಿ ಪಡೆಯಬೇಕಿರಲಿಲ್ಲ, ಗಂಡನ ಲೆಕ್ಕದಲ್ಲಿ ಅದು ಕರಗಿಹೋಗುತ್ತಿರಲಿಲ್ಲ.

ದೇಶಕ್ಕೂ ಅದು ಸಣ್ಣ ಸಂಗತಿಯಾಗಿರಲಿಲ್ಲ. ಕೆಲವು ವರ್ಷ ಐಸ್‌ಲ್ಯಾಂಡಿನ ಒಟ್ಟು ರಫ್ತಿನ ಗಳಿಕೆಯಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೆರಿಂಗ್‌ನಿಂದಲೇ ಬಂತು. ಆ ಹಣದಿಂದ ರಸ್ತೆ, ಬಂದರು, ಶಾಲೆಗಳಾದವು. ದೋಣಿಯ ಮೇಲೆ ನಿಂತ ಗಂಡಸಿನ ಪುತ್ಥಳಿ ಬಂದರು ಊರುಗಳಲ್ಲೆಲ್ಲ ಸಿಗುತ್ತದೆ. ಹಿಡಿದು ತಂದ ಮೀನನ್ನು ಕೆಡದಂತೆ ಉಳಿಸಿ ಪರದೇಶದ ಮಾರುಕಟ್ಟೆಗೆ ಸರಕು ಮಾಡಿದ್ದು ಈ ತೊಟ್ಟಿಯ ಮುಂದೆ ನಿಂತವರು.

ಆದರೆ ಸಮಾನತೆ ಆಗ ಬಂದಿರಲಿಲ್ಲ. ನಾನು ಹೇಳಬೇಕೆಂದಿರುವುದು ಇಲ್ಲಿಂದ ಶುರುವಾಗುತ್ತದೆ. ದುಡಿಮೆ ಇತ್ತು, ದೇಶ ಅದರಿಂದ ಬೆಳೆಯುತ್ತಿತ್ತು, ಆದರೂ ಒಂದೇ ಗಂಟೆಯ ಕೆಲಸಕ್ಕೆ ಗಂಡಿಗೊಂದು ದರ, ಹೆಣ್ಣಿಗೊಂದು ದರ. 1914ರಲ್ಲಿ ರೇಕ್ಯಾವಿಕ್‌ನ ಕೂಲಿ ಹೆಂಗಸರು ತಮ್ಮದೇ ಸಂಘ ಕಟ್ಟಿಕೊಂಡರು. 1915ರಲ್ಲಿ ನಲವತ್ತು ದಾಟಿದ ಹೆಂಗಸರಿಗೆ ಮತ ಸಿಕ್ಕಿತು, 1920ರಲ್ಲಿ ಆ ವಯಸ್ಸಿನ ಅಡ್ಡಿ ಹೋಯಿತು. ಸಮಾನ ಕೂಲಿಯ ಕಾನೂನು ಬಂದದ್ದು 1961ರಲ್ಲಿ, ಅದೂ ಆರು ವರ್ಷಗಳಲ್ಲಿ ಹಂತಹಂತವಾಗಿ ಸರಿದೂಗಿಸುವ ಕರಾರಿನ ಮೇಲೆ. ಅಷ್ಟರಲ್ಲಿ ಮಿತಿಮೀರಿ ಹಿಡಿದದ್ದಕ್ಕೆ 1968–69ರ ಹೊತ್ತಿಗೆ ಹೆರಿಂಗ್ ಮೀನೇ ಮಾಯವಾಯಿತು. ಸಿಗ್ಲುಫ್ಯೋರ್ದುರ್ ಒಮ್ಮೆಲೇ ಬರಿದಾಯಿತು.

ದುಡಿಮೆಯಿದ್ದೂ ಸಮಾನತೆ ಬಾರದ ಈ ಸಂಗತಿ ನನಗೆ ಊರಿನಿಂದಲೇ ಗೊತ್ತು. ಮಲ್ಪೆಯ ದಕ್ಕೆಯಲ್ಲಿ ಬೆಳಗಿನ ಜಾವ ಏಲಂ ಕೂಗಿ ಮೀನು ಕೊಳ್ಳುವವರು, ಬುಟ್ಟಿ ಹೊತ್ತು ಮನೆಮನೆಗೆ ಹೋಗುವವರು, ಸಂತೆಯಲ್ಲಿ ಕೂತು ಚೌಕಾಸಿ ಮಾಡಿ ಮಾರುವವರು ಹೆಂಗಸರೇ. ಕೈಯಲ್ಲಿ ಹಣ ಓಡಾಡುತ್ತದೆ. ಅಳಿಯಸಂತಾನದ ಕಟ್ಟು ನಡೆಯುತ್ತಿದ್ದ ಮನೆಗಳಲ್ಲಿ ಆಸ್ತಿ ಹೆಣ್ಣಿನ ಮೂಲಕವೇ ಇಳಿದು ಬರುತ್ತಿತ್ತು. ಆದರೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತು, ದೋಣಿಯ ಲೈಸೆನ್ಸು ಗಂಡಸಿನ ಹೆಸರಿನಲ್ಲೇ ಇತ್ತು. ಹೆಣ್ಣು ದುಡಿದ ಮಾತ್ರಕ್ಕೆ ಸಮಾನತೆ ಬರುವುದಾಗಿದ್ದರೆ ಕರಾವಳಿಯಲ್ಲಿ ಅದು ಬಂದು ನೂರಾರು ವರ್ಷವಾಗಬೇಕಿತ್ತು.

ಹಾಗಾದರೆ ಐಸ್‌ಲ್ಯಾಂಡಿನಲ್ಲಿ ಏನು ಬದಲಾಯಿತು?

ರೇಕ್ಯಾವಿಕ್‌ಗೆ ವಾಪಸಾದ ಮೇಲೆ ಲೈಕ್ಯಾರ್‌ತೋರ್ಗ್ ಎಂಬ ಚೌಕಕ್ಕೆ ಹೋದೆ. ನೋಡಲು ದೊಡ್ಡ ಜಾಗವೇನಲ್ಲ. ಬಸ್ಸು ನಿಲ್ಲುವ, ಜನ ಕಾಫಿ ಹಿಡಿದು ಹಾದುಹೋಗುವ ಪೇಟೆಯ ನಡುವಣ ಬಯಲು. 1975ರ ಅಕ್ಟೋಬರ್ 24, ಶುಕ್ರವಾರ, ಇಲ್ಲಿ ಇಪ್ಪತ್ತೈದು ಸಾವಿರ ಹೆಂಗಸರು ಸೇರಿದ್ದರು. ಆಗ ಇಡೀ ದೇಶದ ಜನಸಂಖ್ಯೆ ಎರಡು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸು. ವಿಶ್ವಸಂಸ್ಥೆ ಆ ವರ್ಷವನ್ನು ಮಹಿಳಾ ವರ್ಷವೆಂದು ಸಾರಿತ್ತು. ಕೆಂಪು ಕಾಲುಚೀಲದವರು ಎಂದು ಕರೆಸಿಕೊಂಡ ಯುವತಿಯರ ಗುಂಪು ಒಂದು ದಿನದ ಮುಷ್ಕರ ಹೂಡೋಣ ಎಂದಿತು. ಮುಷ್ಕರವೆಂದರೆ ಕೆಲಸ ಹೋದೀತೆಂದು ಹಲವರು ಹಿಂಜರಿದರು. ರಜೆ ಎಂದು ಕರೆದರೆ ಯಾರೂ ವಜಾ ಮಾಡಲಾರರು ಎಂದು ರಜೆಯ ದಿನ ಎಂದೇ ಸಾರಿದರು. ಎಡಪಂಥದವರು, ಬಲಪಂಥದವರು, ರೈತರ ಮನೆಯ ಗೃಹಿಣಿಯರು, ಮೀನಿನ ಕಾರ್ಖಾನೆಯ ಕೂಲಿಗಳು, ದೇಶದ ಹೆಂಗಸರಲ್ಲಿ ಶೇ 90ರಷ್ಟು ಮಂದಿ ಆ ದಿನ ಕೆಲಸಕ್ಕೆ ಹೋಗಲಿಲ್ಲ. ಮನೆಯಲ್ಲೂ ಅಡುಗೆ ಮಾಡಲಿಲ್ಲ, ಮಕ್ಕಳನ್ನು ನೋಡಿಕೊಳ್ಳಲಿಲ್ಲ.

ಮೀನಿನ ಕಾರ್ಖಾನೆಗಳು ನಿಂತವು. ಟೆಲಿಫೋನ್ ಎಕ್ಸ್‌ಚೇಂಜು ತೆಪ್ಪಗಾಯಿತು. ಶಾಲೆಗಳು ಬಾಗಿಲು ಹಾಕಿದವು, ಗಗನಸಖಿಯರಿಲ್ಲದೆ ವಿಮಾನ ಹಾರಾಟ ರದ್ದಾಯಿತು, ಅಚ್ಚುಮೊಳೆ ಜೋಡಿಸುವವರಿಲ್ಲದೆ ಪತ್ರಿಕೆಗಳು ತೆಳ್ಳಗಾದವು. ಬ್ಯಾಂಕಿನ ದೊಡ್ಡ ಅಧಿಕಾರಿಗಳು ಕೌಂಟರಿನಲ್ಲಿ ಕೂತು ಹಣ ಎಣಿಸಿದರು. ಅಪ್ಪಂದಿರು ಮಕ್ಕಳನ್ನು ಕಚೇರಿಗೆ ಕರೆದುಕೊಂಡು ಹೋದರು. ರೇಡಿಯೊ ವಾರ್ತೆ ಓದುತ್ತಿದ್ದ ಗಂಡಸರ ದನಿಯ ಹಿಂದೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು ಎಂದು ಅಂದಿನವರು ನೆನೆಯುತ್ತಾರೆ. ಬೇಯಿಸುವುದು ಸುಲಭವೆಂದು ಎಲ್ಲರೂ ಕೊಂಡದ್ದರಿಂದ ಅಂಗಡಿಗಳಲ್ಲಿ ಸಾಸೇಜು ಖಾಲಿಯಾಯಿತು. ಚೌಕದಲ್ಲಿ ಭಾಷಣ ಮಾಡಿದವರಲ್ಲಿ ಅದಲ್‌ಹೈದುರ್ ಬ್ಯಾರ್ನ್‌ಫ್ರೆದ್ಸ್‌ದೊತ್ತಿರ್ ಒಬ್ಬರು. ದೇಶದಲ್ಲೇ ಅತಿ ಕಡಿಮೆ ಕೂಲಿ ಪಡೆಯುವ ಹೆಂಗಸರ ಸಂಘವನ್ನು ಪ್ರತಿನಿಧಿಸಿದವರು. ಓದಿದವರ ಚಳವಳಿಯಲ್ಲಿ ಕೂಲಿಯವಳ ದನಿ ಮುಂದೆ ನಿಂತಿತ್ತು, ಆ ದಿನದ ಬಲ ಅಲ್ಲಿತ್ತು ಎಂದು ನನಗೆ ಅನ್ನಿಸುತ್ತದೆ.

ಅರ್ಥಶಾಸ್ತ್ರದವರು ಪ್ರಯೋಗ ಮಾಡಲಾಗದ ವಿಷಯವೊಂದಿದೆ. ದೇಶದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ಸಂಬಳವಿಲ್ಲದ ಮನೆಗೆಲಸ ಸೇರುವುದಿಲ್ಲ. ಅಡುಗೆ ಮಾಡಿ ಮಾರಿದರೆ ಅದು ಉತ್ಪನ್ನ, ಮನೆಯಲ್ಲಿ ಬಡಿಸಿದರೆ ಏನೂ ಅಲ್ಲ. ಲೆಕ್ಕಕ್ಕೇ ಬಾರದ ಈ ಕೆಲಸವನ್ನು ತೆಗೆದುಬಿಟ್ಟರೆ ಲೆಕ್ಕಕ್ಕೆ ಬರುವ ಕೆಲಸದ ಗತಿಯೇನು? ಐಸ್‌ಲ್ಯಾಂಡಿನ ಹೆಂಗಸರು ಅದನ್ನು ಒಂದು ದಿನದ ಮಟ್ಟಿಗೆ ದೇಶದ ಮುಂದೆ ಇಟ್ಟು ತೋರಿಸಿದರು. ಮರುವರ್ಷವೇ ಸಮಾನತೆಯ ಕಾನೂನು ಬಂತು. 1980ರಲ್ಲಿ ವಿಗ್ದಿಸ್ ಫಿನ್ಬೊಗಾದೊತ್ತಿರ್ ಅಧ್ಯಕ್ಷೆಯಾದರು. ಮಗಳನ್ನು ದತ್ತು ಪಡೆದು ಒಬ್ಬರೇ ಸಾಕುತ್ತಿದ್ದ ಅವರು ಜನರ ಮತದಿಂದ ರಾಷ್ಟ್ರಾಧ್ಯಕ್ಷೆಯಾದ ಜಗತ್ತಿನ ಮೊದಲ ಮಹಿಳೆ, ಹದಿನಾರು ವರ್ಷ ಆ ಸ್ಥಾನದಲ್ಲಿದ್ದರು. 1983ರಲ್ಲಿ ಹೆಂಗಸರದೇ ಒಂದು ಪಕ್ಷ ಚುನಾವಣೆಗೆ ನಿಂತು ಸಂಸತ್ತಿಗೆ ಮೂವರನ್ನು ಕಳಿಸಿತು.

ಇಷ್ಟಾದರೂ ಚಕ್ರ ತಿರುಗಿದ್ದು ಚೌಕದಲ್ಲಲ್ಲ, ಶಿಶುವಿಹಾರದಲ್ಲಿ. ಹಾಗೆಂದು ನಾನು ನಂಬುತ್ತೇನೆ.

ಸಂಜೆ ನಾಲ್ಕಕ್ಕೆ ಅಕ್ಕನ ಮಗಳ ಕೂಸನ್ನು ಕರೆತರಲು ಅಳಿಯನ ಜೊತೆ ಹೋದೆ. ಅಲ್ಲಿ ಅದನ್ನು ಲೈಕ್‌ಸ್ಕೋಲಿ ಎನ್ನುತ್ತಾರೆ. ಬಾಗಿಲ ಹತ್ತಿರ ಮಕ್ಕಳ ಹೆಸರು ಬರೆದ ಗೂಟಗಳು, ಪ್ರತಿಯೊಂದರಲ್ಲೂ ಮಳೆಯಂಗಿ, ಉಣ್ಣೆಯಂಗಿ, ಕೈಗವಸು. ಹೊರಗೆ ಜಿಟಿಜಿಟಿ ಮಳೆ, ಮಕ್ಕಳು ಅದರಲ್ಲೇ ಮರಳಲ್ಲಿ ಆಡುತ್ತಿದ್ದವು. ಕರೆದೊಯ್ಯಲು ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಗಂಡಸರು. ಒಬ್ಬ ಸಿಮೆಂಟು ಮೆತ್ತಿದ ಬೂಟಿನಲ್ಲಿ ಬಂದಿದ್ದ, ಇನ್ನೊಬ್ಬ ಕೋಟು ತೊಟ್ಟು. ಖರ್ಚಿನ ದೊಡ್ಡ ಪಾಲು ನಗರಸಭೆಯದು, ತಂದೆತಾಯಿ ಕೊಡುವುದು ಸಣ್ಣ ಪಾಲು. ಎರಡು ವರ್ಷ ದಾಟಿದ ಮಕ್ಕಳಲ್ಲಿ ಬಹುತೇಕ ಎಲ್ಲರೂ ಇಂಥಲ್ಲಿಗೆ ಹೋಗುತ್ತಾರೆ.

"ಇವಳು ಹುಟ್ಟಿದಾಗ ಆಫೀಸಿನಲ್ಲಿ ಮೊದಲು ಕೇಳಿದ್ದು, ನೀವು ಯಾವಾಗ ರಜೆ ತಗೊಳ್ತೀರಿ ಅಂತ" ಎಂದ ಅಳಿಯ. "ತಗೊಳ್ತೀರಾ ಅಂತ ಅಲ್ಲ, ಚಿಕ್ಕಮ್ಮ. ಯಾವಾಗ ಅಂತ. ಊರಲ್ಲಿ ಅಮ್ಮನಿಗೆ ಫೋನ್ ಮಾಡಿ ಮಗು ನೋಡ್ಕೊಳ್ಳಲಿಕ್ಕೆ ಆರು ತಿಂಗಳು ರಜೆ ಹಾಕಿದ್ದೇನೆ ಅಂದ್ರೆ, ಕೆಲಸ ಹೋಯ್ತಾ ಮಗಾ ಅಂತ ಗಾಬರಿಯಾದ್ರು."

ಈ ರಜೆಯ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಸಮಾನತೆಯನ್ನೂ ಸಂಪತ್ತನ್ನೂ ಬೆಸೆಯುವ ಕೊಂಡಿ ಇಲ್ಲಿದೆ. 2000ದ ಕಾನೂನು ತಾಯಿಗೆ ಮೂರು ತಿಂಗಳು, ತಂದೆಗೆ ಮೂರು ತಿಂಗಳು, ಇಬ್ಬರೂ ಹಂಚಿಕೊಳ್ಳಲು ಮೂರು ತಿಂಗಳು ಕೊಟ್ಟಿತು. ತಂದೆಯ ಪಾಲನ್ನು ತಾಯಿಗೆ ದಾಟಿಸುವಂತಿಲ್ಲ, ಬಳಸದಿದ್ದರೆ ಅದು ಹೋದಂತೆಯೇ. ಹೀಗಾಗಿ ಹತ್ತರಲ್ಲಿ ಒಂಬತ್ತು ತಂದೆಯರು ರಜೆ ಹಾಕಲು ಶುರುಮಾಡಿದರು. 2021ರಿಂದ ತಲಾ ಆರು ತಿಂಗಳು, ಅದರಲ್ಲಿ ಆರು ವಾರ ಮಾತ್ರ ಒಬ್ಬರಿಂದ ಇನ್ನೊಬ್ಬರಿಗೆ ಕೊಡಬಹುದು. ಒಂದು ಮಿತಿಯವರೆಗೆ ಸಂಬಳದ ಶೇ 80ರಷ್ಟು ಸಿಗುತ್ತದೆ. ಈ ಹಣವನ್ನು ಕೊಡುವುದು ಕೆಲಸಕ್ಕಿಟ್ಟುಕೊಂಡ ಕಂಪನಿಯಲ್ಲ. ಎಲ್ಲ ಮಾಲೀಕರೂ ಸಂಬಳದ ಲೆಕ್ಕದ ಮೇಲೆ ಕಟ್ಟುವ ತೆರಿಗೆಯಿಂದ ನಡೆಯುವ ಸಾಮಾನ್ಯ ನಿಧಿ. ಇಪ್ಪತ್ತೆಂಟು ವರ್ಷದ ಹೆಣ್ಣನ್ನು ಕೆಲಸಕ್ಕೆ ತೆಗೆದುಕೊಂಡರೂ, ಅದೇ ವಯಸ್ಸಿನ ಗಂಡನ್ನು ತೆಗೆದುಕೊಂಡರೂ ಮಾಲೀಕನಿಗೆ ಒಂದೇ ಖರ್ಚು, ಒಂದೇ ಅನುಪಸ್ಥಿತಿ.

ನಮ್ಮಲ್ಲಿ 2017ರ ತಿದ್ದುಪಡಿಯಿಂದ ತಾಯಂದಿರಿಗೆ 26 ವಾರಗಳ ಸಂಬಳಸಹಿತ ರಜೆ ಸಿಕ್ಕಿದೆ. ಬಹಳ ದೊಡ್ಡ ಹೆಜ್ಜೆ. ಆದರೆ ಖರ್ಚು ಹೆಚ್ಚಾಗಿ ಕೆಲಸಕ್ಕಿಟ್ಟುಕೊಂಡ ಆ ಒಬ್ಬ ಮಾಲೀಕನ ಮೇಲೆ, ಖಾಸಗಿ ವಲಯದಲ್ಲಿ ತಂದೆಗೆ ಕಾನೂನಿನ ರಜೆಯೇ ಇಲ್ಲ. ಸಂದರ್ಶನದಲ್ಲಿ ಮದುವೆಯ ವಿಚಾರ ಏಕೆ ಕೇಳುತ್ತಾರೆ ಎಂಬುದನ್ನು ನನ್ನ ವಿದ್ಯಾರ್ಥಿನಿಯರು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ಒಳ್ಳೆಯ ಉದ್ದೇಶದ ಕಾನೂನು ಕೂಡ ಖರ್ಚನ್ನು ಯಾರ ತಲೆಗೆ ಕಟ್ಟುತ್ತದೆ ಎಂಬುದರ ಮೇಲೆ ಹೆಣ್ಣಿಗೆ ಬಾಗಿಲು ತೆರೆಯುತ್ತದೆ, ಇಲ್ಲವೇ ಮುಚ್ಚುತ್ತದೆ.

ಶ್ರೀಮಂತ ದೇಶ, ಅದಕ್ಕೇ ಇದೆಲ್ಲ ನಡೆಯುತ್ತದೆ ಎಂದು ಹೇಳುವವರಿದ್ದಾರೆ. ಆದರೆ ಎಣ್ಣೆಬಾವಿಗಳಿಂದ ಶ್ರೀಮಂತವಾದ ಎಷ್ಟೋ ದೇಶಗಳು ಹೆಣ್ಣಿನ ದುಡಿಮೆಯ ಅಗತ್ಯವೇ ಬೀಳದಂತೆ ಶ್ರೀಮಂತವಾದವು, ಅಲ್ಲಿ ಸಮಾನತೆ ತಾನಾಗಿ ಬರಲಿಲ್ಲ. ಇಲ್ಲಿ ಜನ ಕಡಿಮೆ, ಹಿಡಿದ ಮೀನು ಕೆಡುವ ಮೊದಲು ಕೈಗಳು ಬೇಕು. ಆ ಕೈಗಳನ್ನು ಮನೆಯಿಂದ ಹೊರತರಬೇಕಾದರೆ ಮನೆಯ ಕೆಲಸವನ್ನು ಯಾರಾದರೂ ವಹಿಸಿಕೊಳ್ಳಬೇಕು. ಮೊದಲು ಅದನ್ನು ಅಜ್ಜಿಯರು ವಹಿಸಿಕೊಂಡರು, ಆಮೇಲೆ ನಗರಸಭೆ, ಕೊನೆಗೆ ಅಪ್ಪಂದಿರು. ಹೊರಗೆ ಹೋದವರ ದುಡಿಮೆಯಿಂದ ಬಂದ ತೆರಿಗೆ ಶಿಶುವಿಹಾರಕ್ಕೆ ಹೋಯಿತು, ಶಿಶುವಿಹಾರದಿಂದ ಇನ್ನಷ್ಟು ಮಂದಿ ಹೊರಗೆ ಬಂದರು. ಉತ್ತರ ಯೂರೋಪಿನ ದೇಶಗಳನ್ನು ಕುರಿತ, ಆರ್ಥಿಕ ಸಹಕಾರ ಸಂಘಟನೆ ಓಇಸಿಡಿಯ 2018ರ ವರದಿ ಕಳೆದ ನಲವತ್ತು ಐವತ್ತು ವರ್ಷಗಳ ತಲಾ ಆದಾಯದ ಬೆಳವಣಿಗೆಯಲ್ಲಿ ಹೆಂಗಸರ ಉದ್ಯೋಗದ ಪಾಲನ್ನು ಅಳೆದಿದೆ. ದೇಶದಿಂದ ದೇಶಕ್ಕೆ ಅದು ಬದಲಾಗುತ್ತದೆ, ಕೆಲವೆಡೆ ಐದರಲ್ಲೊಂದು ಪಾಲಿನಷ್ಟಿದೆ. ಒಂದು ದೇಶ ಐವತ್ತು ವರ್ಷದಲ್ಲಿ ಗಳಿಸಿದ ಏಳಿಗೆಯ ಐದನೇ ಒಂದು ಪಾಲು ಎಂದರೆ ಅದು ಯಾವ ಗಣಿಗೂ, ಯಾವ ಬಾವಿಗೂ ಕಡಿಮೆಯಲ್ಲ.

ಈ ಏಳಿಗೆಯ ನಡುವೆಯೇ 2008ರ ಅಕ್ಟೋಬರಿನಲ್ಲಿ ಐಸ್‌ಲ್ಯಾಂಡಿನ ಮೂರು ದೊಡ್ಡ ಬ್ಯಾಂಕುಗಳು ಒಂದೇ ವಾರದಲ್ಲಿ ಮುಳುಗಿದವು. ಅವುಗಳ ಒಟ್ಟು ಆಸ್ತಿ ದೇಶದ ವಾರ್ಷಿಕ ಉತ್ಪನ್ನದ ಹತ್ತಿರಹತ್ತಿರ ಹತ್ತು ಪಟ್ಟು ಬೆಳೆದಿತ್ತು. ಮರುವರ್ಷ ಯೋಹಾನ್ನಾ ಸಿಗುರ್ದಾರ್‌ದೊತ್ತಿರ್ ಪ್ರಧಾನಿಯಾದರು. ಹಲ್ಲಾ ತೋಮಸ್‌ದೊತ್ತಿರ್ ಜೊತೆಗಾತಿಯೊಡನೆ ಕಟ್ಟಿದ್ದ ಹಣಕಾಸು ಸಂಸ್ಥೆ ಆ ಬಿರುಗಾಳಿಯಲ್ಲಿ ಉಳಿದುಕೊಂಡಿತು, 2024ರಲ್ಲಿ ಅವರು ದೇಶದ ಅಧ್ಯಕ್ಷೆಯಾದರು. ಗಂಡಸರು ಕೆಡಿಸಿದ್ದನ್ನು ಹೆಂಗಸರು ಸರಿಮಾಡಿದರು ಎಂಬ ಕಥೆ ಇದರಿಂದ ಹುಟ್ಟಿತು, ಜಗತ್ತೆಲ್ಲ ಸುತ್ತಿತು. ನನಗೆ ಆ ಕಥೆ ಒಪ್ಪಿಗೆಯಿಲ್ಲ. ಹೆಣ್ಣಿಗೆ ಸಮಪಾಲು ಸಿಗಬೇಕಾದದ್ದು ಅವಳು ಹೆಚ್ಚು ಎಚ್ಚರಿಕೆಯವಳು, ಹೆಚ್ಚು ಪ್ರಾಮಾಣಿಕಳು ಎಂಬ ಕಾರಣಕ್ಕಲ್ಲ. ಅಂಥ ಹೊಗಳಿಕೆ ಅವಳ ಮೇಲೆ ಇನ್ನೊಂದು ಹೊರೆ ಹೊರಿಸುತ್ತದೆ, ಒಮ್ಮೆ ತಪ್ಪಿದರೆ ಪಾಲನ್ನೇ ಕಿತ್ತುಕೊಳ್ಳಲು ನೆಪ ಕೊಡುತ್ತದೆ.

ಇಲ್ಲಿನ ಹೆಂಗಸರೇ ತಮ್ಮ ದೇಶವನ್ನು ಸ್ವರ್ಗವೆಂದು ಹೇಳುವುದಿಲ್ಲ, ಅವರಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಅದು. 2005ರಲ್ಲಿ ಮತ್ತೆ ಅಕ್ಟೋಬರ್ 24ರಂದು ಅವರು ಮಧ್ಯಾಹ್ನ 2.08ಕ್ಕೆ ಸರಿಯಾಗಿ ಕೆಲಸ ಬಿಟ್ಟು ಎದ್ದು ಬಂದರು. ಗಂಡಸರ ಗಳಿಕೆಗೆ ಹೋಲಿಸಿದರೆ ಆ ಹೊತ್ತಿನ ನಂತರ ತಾವು ಮಾಡುವುದು ಬಿಟ್ಟಿ ಕೆಲಸ ಎಂಬ ಲೆಕ್ಕ. 2016ರಲ್ಲಿ ಆ ಹೊತ್ತು 2.38 ಆಗಿತ್ತು, 2018ರಲ್ಲಿ 2.55. ಒಂದು ದೇಶದ ಅಂತರವನ್ನು ಗಡಿಯಾರದಲ್ಲಿ ತೋರಿಸಿದ ಈ ರೀತಿ ಯಾವ ಪಠ್ಯಪುಸ್ತಕಕ್ಕೂ ಹೊಳೆದಿಲ್ಲ. 2018ರಲ್ಲಿ ಜಾರಿಗೆ ಬಂದ ಕಾನೂನಿನಂತೆ 25 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಸಮಾನ ಕೆಲಸಕ್ಕೆ ಸಮಾನ ಸಂಬಳ ಕೊಡುತ್ತಿದ್ದೇವೆ ಎಂದು ತಾವೇ ಸಾಬೀತುಪಡಿಸಬೇಕಾಯಿತು. ದೂರುವ ಭಾರ ಹೆಣ್ಣಿನ ಮೇಲೆ ಬೀಳಲಿಲ್ಲ. ಆದರೂ 2023ರಲ್ಲಿ ಇಡೀ ದಿನದ ಮುಷ್ಕರ ನಡೆಯಿತು, ಆಗಿನ ಪ್ರಧಾನಿ ಕತ್ರೀನ್ ಯಾಕೊಬ್ಸ್‌ದೊತ್ತಿರ್ ಕೂಡ ಕೆಲಸಕ್ಕೆ ಹೋಗಲಿಲ್ಲ. ಇದನ್ನು ಸಮಾನತೆ ಎನ್ನುತ್ತೀರಾ ಎಂಬುದು ಅಂದಿನ ಘೋಷಣೆ. ಇಲ್ಲಿನ ವಿಶ್ವವಿದ್ಯಾಲಯದ ದೊಡ್ಡ ಸಮೀಕ್ಷೆಯೊಂದರಲ್ಲಿ ಶೇ 40ರಷ್ಟು ಹೆಂಗಸರು ಜೀವನದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡಿದ್ದೇವೆ ಎಂದಿದ್ದರು. ಸಂಬಳದ ಪಟ್ಟಿ ಸರಿಹೋದರೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬಿದ್ದ ನನ್ನಂಥವರು ಓದಬೇಕಾದ ಸಂಖ್ಯೆ ಅದು.

ಊರಿನ ಲೆಕ್ಕವೂ ಮನಸ್ಸಿನಲ್ಲಿ ಓಡುತ್ತಿತ್ತು. ಭಾರತದಲ್ಲಿ ಹದಿನೈದು ದಾಟಿದ ಹೆಂಗಸರಲ್ಲಿ ದುಡಿಮೆಯಲ್ಲಿರುವವರು ಮತ್ತು ಕೆಲಸ ಹುಡುಕುತ್ತಿರುವವರ ಪ್ರಮಾಣ 2017–18ರಲ್ಲಿ ಶೇ 23.3 ಇದ್ದದ್ದು 2023–24ಕ್ಕೆ ಶೇ 41.7 ಆಗಿದೆ. ಓದಿ ಹಿಗ್ಗುವಂಥ ಏರಿಕೆ. ಒಳಗೆ ಇಣುಕಿದರೆ, ದುಡಿಯುತ್ತಿದ್ದಾರೆ ಎಂದು ಎಣಿಸಿದವರಲ್ಲಿ ಮೂವರಿಗೆ ಒಬ್ಬರಿಗಿಂತ ಹೆಚ್ಚು ಮಂದಿ ಮನೆಯವರ ಹೊಲದಲ್ಲಿ, ಅಂಗಡಿಯಲ್ಲಿ ಸಂಬಳವಿಲ್ಲದ ಸಹಾಯಕರು. ಅವರ ಬೂಟಿನಲ್ಲಿ ಬಿಲ್ಲೆಯಿಲ್ಲ. ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ತಾಯಂದಿರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವ ಯೋಜನೆ 2023ರಲ್ಲಿ ಬಂತು, ನಾಲ್ಕು ಸಾವಿರದ ಗುರಿಯೊಡನೆ. ರಾಜ್ಯದ ಏಳಿಗೆಯ ಮಾತು ಬಂದಾಗ ಹೂಡಿಕೆದಾರರ ಸಮಾವೇಶದ ಸುದ್ದಿ ಮುಖಪುಟಕ್ಕೆ ಬರುತ್ತದೆ. ಕೂಸಿನ ಮನೆಯ ಸುದ್ದಿಯೂ ಅಲ್ಲಿರಬೇಕು ಎಂದು ನಾನು ವಾದಿಸುತ್ತೇನೆ.

ಹೊರಡುವ ಹಿಂದಿನ ಸಂಜೆ ಅಕ್ಕನ ಮಗಳ ಮನೆಗೆ ಅದೇ ಕಟ್ಟಡದ ಕೆಳಮಹಡಿಯ ಹೆಂಗಸೊಬ್ಬರು ಬಂದರು. ಫಿಲಿಪ್ಪೀನ್ಸ್‌ನವರು, ಕಚೇರಿಗಳನ್ನು ಶುಚಿ ಮಾಡುವ ಕೆಲಸ. ಇಂದು ಈ ದೇಶದಲ್ಲಿರುವವರಲ್ಲಿ ಐವರಿಗೆ ಹತ್ತಿರಹತ್ತಿರ ಒಬ್ಬರು ಹೊರಗಿನಿಂದ ಬಂದವರು. ಮೀನಿನ ಕಾರ್ಖಾನೆಯಲ್ಲಿ, ಹೋಟೆಲಿನ ಕೋಣೆಗಳಲ್ಲಿ, ಆಸ್ಪತ್ರೆಯ ಪಡಸಾಲೆಗಳಲ್ಲಿ ಹೆಚ್ಚಾಗಿ ಕಾಣುವುದು ಇಂಥವರೇ. 2019ರ ಮಾರ್ಚ್ 8ರಂದು ರೇಕ್ಯಾವಿಕ್‌ನ ಹೋಟೆಲುಗಳ ಶುಚಿಗಾರ್ತಿಯರು ಮುಷ್ಕರ ಹೂಡಿದಾಗ ಇವರ ಗೆಳತಿಯರೂ ಅದರಲ್ಲಿದ್ದರಂತೆ. ಹಿಂದಿನ ಹೆರಿಂಗ್ ಹುಡುಗಿಯರ ಜಾಗದಲ್ಲಿ ಈಗ ಇವರು ನಿಂತಿದ್ದಾರೆ.

ಅವರ ಕಷ್ಟ ಸರಳವಾಗಿತ್ತು. ಶಿಶುವಿಹಾರ ನಾಲ್ಕೂವರೆಗೆ ಮುಚ್ಚುತ್ತದೆ. ಕಚೇರಿಯವರು ಎದ್ದು ಹೋದ ಮೇಲೆ, ಐದಕ್ಕೆ ಇವರ ಪಾಳಿ ಶುರು. ಗಂಡ ಮೀನು ಹಿಡಿಯುವ ಹಡಗಿನಲ್ಲಿ, ವಾರಗಟ್ಟಲೆ ಕಡಲಿನ ಮೇಲೆ. ಹನ್ನೆರಡರ ಹಿರಿಯ ಮಗಳು ಕಿರಿಯವನನ್ನು ನೋಡಿಕೊಳ್ಳುತ್ತಾಳೆ, ಅವಳ ಈಜಿನ ತರಗತಿ ತಪ್ಪುತ್ತದೆ. ಕಚೇರಿಯ ಹೆಣ್ಣಿಗೆ ಬಿಡುವು ಕೊಟ್ಟ ಏರ್ಪಾಡಿನ ಸಮಯ, ಆ ಕಚೇರಿಯನ್ನು ಒರೆಸುವ ಹೆಣ್ಣಿಗೆ ಒಗ್ಗುವುದಿಲ್ಲ.

ಮಾತು ಕೇಳುತ್ತ ಕೂತಿದ್ದ ಅಳಿಯ, "ಮಂಗಳವಾರ, ಗುರುವಾರ ನಾನು ನಾಲ್ಕೂವರೆಗೇ ಮನೆಗೆ ಬರ್ತೇನೆ. ಅವನನ್ನೂ ಕರ್ಕೊಂಡು ಬಂದು ಇವಳ ಜೊತೆ ಇಲ್ಲೇ ಇಟ್ಕೊಳ್ತೇನೆ" ಎಂದ. ಅವರು ಕೂಡಲೇ ಗಂಟೆಗೆ ಎಷ್ಟು ಎಂದು ಕೇಳಿದರು. ಅಳಿಯ ಸಂಕೋಚದಿಂದ, ಹಣ ಗಿಣ ಏನೂ ಬೇಡ, ನೆರೆಹೊರೆಯವರಲ್ಲವೇ ಎಂದ. ಅವರು ಒಪ್ಪಲಿಲ್ಲ. ನಿಮ್ಮ ಹೆಂಡತಿ ಇದನ್ನು ಮಾಡುತ್ತೇನೆಂದಿದ್ದರೆ ನಾನು ಹಣದ ಮಾತೆತ್ತುತ್ತಿದ್ದೆನೋ ಇಲ್ಲವೋ, ಗಂಡಸು ಮಾಡುವಾಗ ಮರ್ಯಾದೆಗಾಗಿ ಕೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ಮಗು ನೋಡಿಕೊಳ್ಳುವುದು ಕೆಲಸ, ಮಾಡುವವರು ಯಾರಾದರೂ ಅದಕ್ಕೆ ದರವಿರಬೇಕು ಎಂದರು. ಅಕ್ಕನ ಮಗಳು ಚಹಾ ಲೋಟ ಕೆಳಗಿಟ್ಟು ಕಾಗದ ಪೆನ್ನು ತಂದಳು. ಹಣ ಬೇಡವಾದರೆ ಶನಿವಾರ ಎರಡು ಗಂಟೆ ನಿಮ್ಮ ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಎಂದರು ಅವರು. ಎರಡು ಸಂಜೆಗೆ ಎರಡು ಗಂಟೆ ಸಾಲದು, ನಾಲ್ಕಾಗಬೇಕು ಎಂದಳು ಅಕ್ಕನ ಮಗಳು. ಮೂವರೂ ಗಂಟೆಗಳ ಲೆಕ್ಕಕ್ಕೆ ಕೂತರು.